ಬೀಟಲ್ ಕಾರಿನ ಬಲಬದಿ: ಮನೆಯಲ್ಲೇ ನಡೆದ ತುಕ್ಕು ದುರಸ್ತಿಯ ಒಂದು ಪ್ರಕರಣ ಅಧ್ಯಯನ

ಈ ಬರಹ 1971ರಲ್ಲಿ ತಯಾರಾದ ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಬಲಬದಿಗೆ ಸಂಬಂಧಿಸಿದ್ದು. ಮಾಲೀಕರ ದೂರು ಚಿಕ್ಕದಾಗಿತ್ತು. ಬಲ ಬಾಗಿಲಿನ ಕೆಳ ಅಂಚಿನಲ್ಲಿ, ಹಿಂಬದಿಯ ಮೂಲೆಗೆ ಬಣ್ಣ ಗುಳ್ಳೆ ಎದ್ದಿತ್ತು. ಬಾಗಿಲಿಗೂ ಹಿಂದಿನ ಮಡ್‌ಗಾರ್ಡಿಗೂ ನಡುವೆ, ಫುಟ್‌ಬೋರ್ಡಿಗಿಂತ ತುಸು ಮೇಲೆ ಇನ್ನೊಂದು ಗುಳ್ಳೆ ಇತ್ತು. ಎರಡನ್ನೂ ಕೆರೆದು, ಪುಟ್ಟಿ ತುಂಬಿ, ಬಣ್ಣ ಹೊಡೆದರೆ ಸಾಲದೇ ಎಂಬುದು ಅವರ ಪ್ರಶ್ನೆ. ಕಾರು ಹಲವು ವರ್ಷ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ನಿಂತೇ ಇತ್ತು. ಇಂಜಿನ್ ಚೆನ್ನಾಗಿತ್ತು, ಹೊರಗಿನ ಬಣ್ಣ ದೂರದಿಂದ ಹೊಳೆಯುತ್ತಿತ್ತು. ಮಾಲೀಕರ ಬಳಿ ಒಂದು ಗ್ರೈಂಡರ್, ತಂತಿ ಕರಗಿಸಿ ಬೆಸೆಯುವ ಸಣ್ಣ ಮಿಗ್ ವೆಲ್ಡಿಂಗ್ ಯಂತ್ರ, ಟಿಂಕರಿಂಗ್ ಸುತ್ತಿಗೆ, ಡಾಲಿಗಳು (ಸುತ್ತಿಗೆಯ ಏಟಿಗೆ ತಗಡಿನ ಹಿಂದೆ ಆನಿಸಿ ಹಿಡಿಯುವ ಲೋಹದ ಗಟ್ಟಿಗಳು) ಮತ್ತು ತಗಡಿನ ಕೆಲಸದಲ್ಲಿ ಒಂದಿಷ್ಟು ಕೈಪಳಗಿಕೆ ಇತ್ತು. ಪರಿಶೀಲನೆಯಿಂದ ಕೊನೆಯವರೆಗೂ ನಾನು ಜೊತೆಗಿದ್ದೆ.

ತುಕ್ಕು ದುರಸ್ತಿಯ ಮಾತು ಬಂದಾಗಲೆಲ್ಲ ವೆಲ್ಡಿಂಗ್ ಕೈಚಳಕಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಮಾನ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ನೀರು ಯಾವ ದಾರಿಯಲ್ಲಿ ಬಂತು, ಗಟ್ಟಿ ತಗಡು ಎಲ್ಲಿಂದ ಶುರುವಾಗುತ್ತದೆ ಎಂಬ ಎರಡು ತೀರ್ಮಾನಗಳು ಸರಿಯಾಗಿದ್ದರೆ ಸಾಧಾರಣ ವೆಲ್ಡಿಂಗ್ ಕೂಡ ಬಾಳುತ್ತದೆ. ಅವು ತಪ್ಪಿದರೆ ಎಷ್ಟೇ ಅಂದವಾದ ಬೆಸುಗೆಯ ಪಕ್ಕದಲ್ಲೂ ಕೆಲವೇ ಸಮಯದಲ್ಲಿ ಹೊಸ ಗುಳ್ಳೆ ಏಳುತ್ತದೆ. ಈ ಪ್ರಕರಣವನ್ನು ವಿವರವಾಗಿ ದಾಖಲಿಸಲು ಅದೇ ಕಾರಣ.

ರಚನೆ ಮತ್ತು ತುಕ್ಕಿನ ದಾರಿ

ಬೀಟಲ್‌ನ ಅಡಿಯಲ್ಲಿರುವುದು ನಡುವೆ ಟನೆಲ್ (ಉದ್ದಕ್ಕೂ ಉಬ್ಬಿದ ಕೊಳವೆಯಂಥ ಭಾಗ) ಹಾದುಹೋಗುವ ಒಂದು ಚಪ್ಪಟೆ ಫ್ಲೋರ್ ಪ್ಯಾನ್, ಅಂದರೆ ನೆಲದ ತಗಡು. ಬಾಡಿಯನ್ನು ಅದರ ಮೇಲಿಟ್ಟು ಸುತ್ತಲೂ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಬಾಡಿಯ ಎರಡೂ ಬದಿಗಳಲ್ಲಿ, ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಪೆಟ್ಟಿಗೆಯಾಕಾರದ ಭಾಗಕ್ಕೆ ಹೀಟರ್ ಚಾನೆಲ್ ಎಂದು ಹೆಸರು. ಹಿಂಬದಿಯ ಇಂಜಿನ್ನಿನ ಎಕ್ಸಾಸ್ಟ್ ಸುತ್ತ ಕಾದ ಗಾಳಿ ಈ ಚಾನೆಲ್ಲಿನೊಳಗಿಂದಲೇ ಮುಂದಿನ ಗಾಜಿನವರೆಗೆ ಹೋಗುತ್ತದೆ. ಬಾಗಿಲ ಚೌಕಟ್ಟಿನ ಎರಡು ಪಿಲ್ಲರುಗಳನ್ನು ಬುಡದಲ್ಲಿ ಹಿಡಿದು ನಿಲ್ಲಿಸುವ ತೊಲೆಯೂ ಅದೇ. ಬಾಗಿಲಿನ ಹಿಂದಿನ ಕ್ವಾರ್ಟರ್ ಪ್ಯಾನೆಲ್ಲಿನ ಕೆಳತುದಿ ಈ ಚಾನೆಲ್ಲಿಗೇ ಬಂದು ಕೂಡುತ್ತದೆ. ಹಾಗಾಗಿ ಅಲ್ಲಿ ಕಾಣಿಸಿದ ಗುಳ್ಳೆಯನ್ನು ಕೇವಲ ಹೊರ ತಗಡಿನ ಕಾಯಿಲೆ ಎಂದು ಎಣಿಸುವಂತಿಲ್ಲ.

ಬಲಬದಿ ಎಡಬದಿಗಿಂತ ಹೆಚ್ಚು ಕೆಟ್ಟಿದ್ದುದಕ್ಕೂ ಕಾರಣವಿದೆ. ಬೀಟಲ್‌ನ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ, ಬಲಕ್ಕೆ. ಚಾರ್ಜ್ ಆಗುವಾಗ ಹೊರಬೀಳುವ ಆಮ್ಲದ ಸೂಕ್ಷ್ಮ ಹನಿಗಳು ಸುತ್ತಲಿನ ಬಣ್ಣವನ್ನು ತಿನ್ನುತ್ತವೆ; ಅದರ ಮೇಲೆ ಕಾರ್ಪೆಟ್ಟಿನ ತೇವ ಸೇರಿದರೆ ಫ್ಲೋರಿನ ಆ ಮೂಲೆ ಮತ್ತು ಅದಕ್ಕೆ ಅಂಟಿಕೊಂಡ ಚಾನೆಲ್ಲಿನ ಹಿಂತುದಿ ಒಟ್ಟಿಗೇ ಸವೆಯುತ್ತವೆ.

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ತಾಗಿದಾಗ ತುಕ್ಕು ಹುಟ್ಟುತ್ತದೆ, ಉಪ್ಪು ಅಥವಾ ಆಮ್ಲ ಸೇರಿದರೆ ಅದು ಬೇಗ ಹಬ್ಬುತ್ತದೆ. ಇದು ಎಲ್ಲರಿಗೂ ತಿಳಿದದ್ದೇ. ಕಾರಿನ ವಿಷಯದಲ್ಲಿ ಹೆಚ್ಚು ಮುಖ್ಯವಾದುದು, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ ಎಂಬ ಸಂಗತಿ. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ಸ್ಪಾಟ್ ವೆಲ್ಡ್ ಮಾಡಿದ (ಚುಕ್ಕೆ ಚುಕ್ಕೆಯಾಗಿ ಬೆಸೆದ) ಜೋಡಣೆಯ ಸಂದಿಗೆ ಒಮ್ಮೆ ತೇವ ಹೊಕ್ಕರೆ ಅದು ಸುಲಭಕ್ಕೆ ಆರುವುದಿಲ್ಲ. ಒಳಗೆ ಬೆಳೆಯುವ ತುಕ್ಕು ತಗಡುಗಳನ್ನು ದೂರ ತಳ್ಳುತ್ತದೆ, ಸಂದಿ ಇನ್ನಷ್ಟು ಅಗಲವಾಗುತ್ತದೆ, ಇನ್ನಷ್ಟು ನೀರು ಒಳಸೇರುತ್ತದೆ. ಹೊರಗಿನ ಬಣ್ಣದಲ್ಲಿ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಮುಖ ಬಹುಪಾಲು ಕರಗಿರುತ್ತದೆ. ಸತು ಲೇಪಿತ ತಗಡು ಆ ಕಾಲದ ಸಾಮಾನ್ಯ ಕಾರುಗಳಲ್ಲಿ ಇರಲಿಲ್ಲ. ಪೋರ್ಷೆ 911ರ ಬಾಡಿಗೆ ಅದು ಬಂದದ್ದು 1975ರ ಸುಮಾರಿಗೆ, ಉಳಿದ ತಯಾರಕರಲ್ಲಿ ವಾಡಿಕೆಯಾದದ್ದು ಇನ್ನೂ ತಡವಾಗಿ.

ಪರಿಶೀಲನೆ

ಮೊದಲು ಕೈಗೆ ಬಂದ ಉಪಕರಣ ಒಂದು ತೆಳು ಅಯಸ್ಕಾಂತ. ಅದನ್ನು ಕ್ವಾರ್ಟರ್ ಪ್ಯಾನೆಲ್ಲಿನ ಮೇಲಿನಿಂದ ಕೆಳಗೆ ಜಾರಿಸುತ್ತ ಬಂದರೆ ಗುಳ್ಳೆಗಿಂತ ಒಂದು ಗೇಣು ಮೇಲೆಯೇ ಹಿಡಿತ ಸಡಿಲವಾಯಿತು, ಗುಳ್ಳೆಯ ಹತ್ತಿರ ಅಯಸ್ಕಾಂತ ನಿಲ್ಲಲೇ ಇಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಮೇಲೆ ಕೇಳಿದ ಟಣ್ ಎಂಬ ಸದ್ದು ಕೆಳಗೆ ಮಂಕಾಯಿತು. ಬಣ್ಣ ಕೆರೆದಾಗ ದಪ್ಪನೆಯ ಪುಟ್ಟಿ, ಅದರಡಿ ಫೈಬರ್‌ಗ್ಲಾಸ್ ಬಟ್ಟೆ, ಅದರ ಹಿಂದೆ ಕಪ್ಪು ಕಂದು ಹಕ್ಕಳೆ ಸಿಕ್ಕಿದವು. ಯಾರೋ ಹಿಂದೆ ತೂತಿನ ಮೇಲೆ ಬಟ್ಟೆ ಅಂಟಿಸಿ ಮುಚ್ಚಿದ್ದರು. ಪಾಲಿಯೆಸ್ಟರ್ ಪುಟ್ಟಿ ನೀರನ್ನು ಹೀರಿಕೊಳ್ಳುತ್ತದೆ. ಹಿಂಬದಿಯಿಂದ ತೇವ ತಗಲುವ ಜಾಗದಲ್ಲಿ ಅದನ್ನು ತುಂಬುವುದೆಂದರೆ ತುಕ್ಕಿನ ಪಕ್ಕದಲ್ಲೇ ನೀರು ಕೂಡಿಟ್ಟಂತೆ.

ಫುಟ್‌ಬೋರ್ಡ್ ಬಿಚ್ಚಿದ ಮೇಲೆ ನಿಜಸ್ಥಿತಿ ತಿಳಿಯಿತು. ಅದರ ಬೋಲ್ಟುಗಳಲ್ಲಿ ಕೆಲವು ತಿರುಗಿಸುವ ಮೊದಲೇ ಮುರಿದವು. ಚಾನೆಲ್ಲಿನ ಹೊರಮುಖಕ್ಕೆ ದಬ್ಬಳ ಒತ್ತಿದರೆ ಮುಂಭಾಗದಲ್ಲಿ ಅದು ಜಾರಿತು, ನಡುವೆ ಚುಚ್ಚಿಕೊಂಡಿತು, ಹಿಂತುದಿಯಲ್ಲಿ ಹಿಡಿಯವರೆಗೂ ಒಳಹೋಯಿತು. ಅಡಿಯ ತಗಡು ಹಳೆಯ ಪುಸ್ತಕದ ಹಾಳೆಗಳಂತೆ ಪದರು ಪದರಾಗಿ ಬಿಟ್ಟುಕೊಂಡಿತ್ತು. ಹೀಟರ್ ತೆರೆದಾಗ ಗಾಜಿನ ಕೆಳಗಿನ ಕಿಂಡಿಯಿಂದ ಕಂದು ಪುಡಿ ಉದುರುತ್ತದೆ, ಗಾಜಿನ ಮಂಜು ಹೋಗುವುದಿಲ್ಲ ಎಂದು ಮಾಲೀಕರು ಬೇರೆ ಯಾವುದೋ ಮಾತಿನ ನಡುವೆ ಹೇಳಿದ್ದರು. ಅದರ ಮೂಲ ಇಲ್ಲಿತ್ತು. ಇದೇ ಸಂದರ್ಭದಲ್ಲಿ ಎಕ್ಸಾಸ್ಟಿನ ಬಿಸಿಯಿಂದ ಗಾಳಿ ಕಾಯಿಸುವ, ಇಂಜಿನ್ ಬದಿಯ ಹೀಟ್ ಎಕ್ಸ್‌ಚೇಂಜರುಗಳನ್ನೂ ನೋಡಿಕೊಳ್ಳಬೇಕು. ಅವು ತೂತಾದರೆ ಎಕ್ಸಾಸ್ಟಿನ ಕಾರ್ಬನ್ ಮಾನಾಕ್ಸೈಡ್ ಇದೇ ದಾರಿಯಲ್ಲಿ ಕಾರಿನೊಳಗೆ ಬರುತ್ತದೆ. ಈ ಕಾರಿನಲ್ಲಿ ಅವು ಸರಿಯಿದ್ದವು.

ಇನ್ನು ಉಳಿದದ್ದು, ಚಾನೆಲ್ ತೊಲೆಯಾಗಿ ಎಷ್ಟು ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆ. ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ಕಾರು ನಾಲ್ಕು ಚಕ್ರಗಳ ಮೇಲೆ ನಿಂತಿರುವಾಗ ಬಾಗಿಲಿನ ಹಿಂದಿನ ಅಂಚಿನ ಸಂದನ್ನು ಮೇಲೆ ಮತ್ತು ಕೆಳಗೆ ಅಳೆಯಬೇಕು. ಆಮೇಲೆ ಹಿಂದಿನ ಟಾರ್ಷನ್ ಟ್ಯೂಬಿನ (ಹಿಂದಿನ ಸಸ್ಪೆನ್ಷನ್ನಿನ ಅಡ್ಡ ಕೊಳವೆಯ) ಕೆಳಗೆ ಜಾಕ್ ಕೊಟ್ಟು ಆ ಬದಿಯನ್ನು ಎತ್ತಿ, ಮತ್ತೆ ಅಳೆಯಬೇಕು. ಅಳತೆಗೆ ಡ್ರಿಲ್ ಬಿಟ್‌ಗಳ ನುಣುಪು ಹಿಂಬದಿಯೇ ಸಾಕು. ಇಲ್ಲಿ 4 ಮಿ.ಮೀ. ಬಿಟ್ ಸಲೀಸಾಗಿ ಹಾಯುತ್ತಿದ್ದ ಮೇಲಿನ ಸಂದಿನಲ್ಲಿ ಎತ್ತಿದ ಮೇಲೆ 3 ಮಿ.ಮೀ. ಬಿಟ್ ಕೂಡ ಬಿಗಿಯಾಯಿತು. ಬಾಗಿಲು ತೆರೆದು ತುದಿಯನ್ನು ಎರಡೂ ಕೈಗಳಿಂದ ಎತ್ತಿ ನೋಡಿದಾಗ ಹಿಂಜಿನ ಪಿನ್ನಿನಲ್ಲಿ ಸಡಿಲವಿರಲಿಲ್ಲ. ಅಂದರೆ ಜಗ್ಗುತ್ತಿದ್ದುದು ಚೌಕಟ್ಟೇ. ಪುಟ್ಟಿಯ ಮಾತು ಅಲ್ಲಿಗೆ ಮುಗಿಯಿತು.

ನೀರಿನ ದಾರಿಯನ್ನು ಹುಡುಕಲು ಒಬ್ಬರು ಹೊರಗಿನಿಂದ ಸಣ್ಣ ಧಾರೆಯಲ್ಲಿ ನೀರು ಬಿಡುತ್ತ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂತೆವು. ಮೊದಲು ಕೆಳಗೆ, ಆಮೇಲೆ ಮೇಲಕ್ಕೆ ಬರುವುದು ಇದರ ಕ್ರಮ. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒದ್ದೆಯಾಗಿ ಯಾವುದೂ ತಿಳಿಯುವುದಿಲ್ಲ. ಹಿಂಬದಿಯ ಪಕ್ಕದ ಗಾಜಿಗೆ ನೀರು ತಲುಪಿದ ಕೂಡಲೇ ಅದರ ಗಟ್ಟಿಯಾದ ರಬ್ಬರಿನ ಕೆಳಮೂಲೆಯಿಂದ ಒಂದು ತೆಳುಗೆರೆ ಇಳಿದು ಕ್ವಾರ್ಟರ್ ಪ್ಯಾನೆಲ್ಲಿನ ಒಳಗೋಡೆಯ ಮೇಲೆ ಹರಿದು ಚಾನೆಲ್ಲಿನ ಹಿಂತುದಿಗೆ ಸೇರಿತು. ಬಾಗಿಲಿನದು ಬೇರೆ ಕತೆ. ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಕೆಳಗಿನ ಕಿಂಡಿಗಳಿಂದ ಹೊರಹೋಗಬೇಕು. ಆ ಕಿಂಡಿಗಳು ಹಳೆಯ ಬಣ್ಣ ಮತ್ತು ಎಲೆಪುಡಿಯಿಂದ ಮುಚ್ಚಿಹೋಗಿದ್ದವು. ಎರಡು ಗುಳ್ಳೆಗಳು ಅಕ್ಕಪಕ್ಕದಲ್ಲಿದ್ದರೂ ಕಾರಣಗಳು ಎರಡು.

ಯಾವ ಮಟ್ಟದ ದುರಸ್ತಿ

ಮೂರು ದಾರಿಗಳು ಮುಂದಿದ್ದವು. ಕೊಳೆತ ಜಾಗಗಳಿಗೆ ಮಾತ್ರ ತೇಪೆ ಹಾಕುವುದು, ಚಾನೆಲ್ಲಿನ ಹಿಂದಿನ ಅರ್ಧವನ್ನು ಮಾತ್ರ ಬದಲಿಸುವುದು, ಇಡೀ ಚಾನೆಲ್ಲನ್ನು ಬದಲಿಸುವುದು. ತೇಪೆ ಕಡಿಮೆ ಕೆಲಸ ಎಂದು ತೋರುತ್ತದೆ. ಆದರೆ ಸವೆದ ತಗಡಿಗೆ ಹೊಸ ತಗಡು ಬೆಸೆದರೆ ಸವೆದದ್ದು ವೆಲ್ಡಿಂಗ್ ಬಿಸಿಗೆ ಕರಗಿ ಹೊಸ ತೂತು ಬೀಳುತ್ತದೆ, ಅದನ್ನು ಮುಚ್ಚಲು ಮತ್ತಷ್ಟು ತುಂಬಬೇಕಾಗುತ್ತದೆ. ಅರ್ಧ ಬದಲಿಸುವುದು ನ್ಯಾಯವಾದ ಆಯ್ಕೆಯೇ, ಮುಂದಿನ ಅರ್ಧ ಗಟ್ಟಿ ಇದ್ದರೆ. ಇಲ್ಲಿ ಮುಂಭಾಗದ ಹೊರಮುಖ ಗಟ್ಟಿ ಇದ್ದರೂ ಒಳಗೆ ಬೋರ್‌ಸ್ಕೋಪ್ (ತೆಳು ಕೊಳವೆಯ ತುದಿಯ ಕ್ಯಾಮೆರಾ) ಇಳಿಸಿ ನೋಡಿದಾಗ ಅಡಿಯ ತಗಡಿನ ಉದ್ದಕ್ಕೂ ಕುಳಿಗಳಿದ್ದವು. ಇಡೀ ಚಾನೆಲ್ ಬದಲಿಸುವ ತೀರ್ಮಾನಕ್ಕೆ ಬಂದದ್ದು ಹೀಗೆ. ಬೀಟಲ್ 2003ರವರೆಗೂ ತಯಾರಾಗಿ, ಒಟ್ಟು ಎರಡು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದದ್ದರಿಂದ ಇಂಥ ಬಿಡಿಭಾಗಗಳು ಈಗಲೂ ಹೊಸದಾಗಿ ತಯಾರಾಗುತ್ತಿವೆ. ಅಪರೂಪದ ಕಾರಾಗಿದ್ದರೆ ಇದೇ ಭಾಗವನ್ನು ತಗಡು ಮಡಿಸಿ ಮಾಡಬೇಕಾಗುತ್ತಿತ್ತು, ಆಗ ಲೆಕ್ಕಾಚಾರವೇ ಬೇರೆಯಾಗುತ್ತಿತ್ತು.

ಬಾಡಿಯನ್ನು ಪ್ಯಾನಿನಿಂದ ಎತ್ತಿ ಬೇರೆ ಮಾಡಬೇಕೇ ಎಂಬ ಪ್ರಶ್ನೆ ಸ್ವಾಭಾವಿಕವಾಗಿ ಬಂತು. ಎತ್ತದಿರುವುದೇ ಮೇಲು ಎಂದು ನಾನು ವಾದಿಸಿದೆ. ಪ್ಯಾನಿನ ಅಂಚಿನಲ್ಲಿ ಬೋಲ್ಟ್ ತೂತುಗಳು ಮೂಲ ಸ್ಥಾನದಲ್ಲೇ ಇವೆ. ಹೊಸ ಚಾನೆಲ್ಲನ್ನು ಅವಕ್ಕೆ ಬೋಲ್ಟ್ ಮಾಡಿದರೆ ಅದು ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತದೆ, ಪ್ಯಾನೇ ಅಚ್ಚಿನ ಕೆಲಸ ಮಾಡುತ್ತದೆ. ಇದಕ್ಕೆ ಒಂದು ಷರತ್ತಿದೆ. ಪ್ಯಾನಿನ ಅಂಚು ಮೊದಲು ಗಟ್ಟಿಯಾಗಿರಬೇಕು. ಬ್ಯಾಟರಿ ಮೂಲೆ ಕೊಳೆತಿದ್ದರಿಂದ ಕೆಲಸದ ಕ್ರಮ ತಾನಾಗಿ ನಿಶ್ಚಯವಾಯಿತು: ಮೊದಲು ಪ್ಯಾನಿನ ಮೂಲೆ, ಆಮೇಲೆ ಚಾನೆಲ್, ಅದು ಮುಗಿದ ಮೇಲೆ ಕ್ವಾರ್ಟರ್ ಪ್ಯಾನೆಲ್ಲಿನ ಕೆಳತುದಿ, ಕೊನೆಗೆ ಬಾಗಿಲು.

ಬೆಂಕಿ ಮತ್ತು ವಿಷದ ಮಾತು

ಬೀಟಲ್‌ನ ಪೆಟ್ರೋಲ್ ಟ್ಯಾಂಕ್ ಇರುವುದು ಮುಂದಿನ ಬಾನೆಟ್ಟಿನ ಕೆಳಗೆ. ಕೆಲಸ ಹಿಂದಿದೆ ಎಂದು ಅದನ್ನು ಬಿಡಲಿಲ್ಲ. ಚಾನೆಲ್ಲಿನ ಮುಂತುದಿ ಅದರ ಹತ್ತಿರಕ್ಕೇ ಹೋಗುತ್ತದೆ. ಟ್ಯಾಂಕನ್ನೂ ಬ್ಯಾಟರಿಯನ್ನೂ ಕಳಚಿ ದೂರ ಇಟ್ಟು, ಸೀಟು, ಕಾರ್ಪೆಟ್ ತೆಗೆದು, ಫ್ಲೋರಿಗೆ ಅಂಟಿಸಿದ್ದ ಡಾಂಬರು ಹಾಳೆಯನ್ನು ವೆಲ್ಡ್ ಬೀಳುವ ಜಾಗದಿಂದ ಸಾಕಷ್ಟು ದೂರದವರೆಗೆ ಕೆರೆದು ತೆಗೆಯಲಾಯಿತು. ಆ ಹಾಳೆ ಹೊತ್ತಿದರೆ ಜ್ವಾಲೆ ಕಾಣದೆ ಬಹಳ ಹೊತ್ತು ಹೊಗೆಯಾಡುತ್ತದೆ. ವೆಲ್ಡಿಂಗ್ ನಿಲ್ಲಿಸಿದ ಮೇಲೂ ಒಂದು ಗಂಟೆ ಕಾರಿನ ಬಳಿ ಯಾರಾದರೂ ಇರಬೇಕೆಂಬ ನಿಯಮ ಮಾಡಿಕೊಂಡದ್ದು ಅದಕ್ಕಾಗಿ.

ಹೆಚ್ಚು ಜನಕ್ಕೆ ತಿಳಿಯದ ಅಪಾಯ ಬೇರೆ. ಜಿಡ್ಡು ತೊಳೆಯಲು ಬಳಸುವ ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಕ್ಲೋರಿನ್ ಇರುವ ದ್ರಾವಕಗಳಿರುತ್ತವೆ. ಅವು ಆರದೆ ಉಳಿದ ತಗಡಿನ ಮೇಲೆ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟಬಹುದು. ಡಬ್ಬಿಯ ಮೇಲೆ ಕ್ಲೋರಿನ್ ಹೆಸರಿದ್ದರೆ ಅದನ್ನು ಕೆಲಸದ ಜಾಗಕ್ಕೇ ತರಬಾರದು. ಸತು ಲೇಪಿತ ತಗಡಿನ ಹೊಗೆ ಜ್ವರ ತರುತ್ತದೆ, ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುತ್ತದೆ. ಹಾಗಾಗಿ ಬಣ್ಣವನ್ನು ಒಣದಾಗಿ ಉಜ್ಜದೆ ನೀರು ಹಾಕಿ ಉಜ್ಜಿದೆವು, ಗ್ರೈಂಡಿಂಗಿಗೆ ಸೂಕ್ಷ್ಮ ಕಣ ತಡೆಯುವ ಫಿಲ್ಟರ್ ಮುಖವಾಡ ಕಡ್ಡಾಯವಾಯಿತು.

ಆಧಾರ, ಕತ್ತರಿಸುವಿಕೆ, ಗಟ್ಟಿ ತಗಡಿನ ಗಡಿ

ಚಾನೆಲ್ ಕತ್ತರಿಸಿದ ಕ್ಷಣದಿಂದ ಎರಡು ಪಿಲ್ಲರುಗಳ ನಡುವೆ ಏನೂ ಇರುವುದಿಲ್ಲ. ಕತ್ತರಿಸುವ ಮೊದಲು 25 ಮಿ.ಮೀ. ಚೌಕ ಪೈಪಿನಿಂದ ಎರಡು ಅಡ್ಡ ಮತ್ತು ಒಂದು ಓರೆ ಆಧಾರ ಕೊಡಲಾಯಿತು. ಹಲವರು ಈ ಪೈಪುಗಳನ್ನು ಬಾಗಿಲ ಚೌಕಟ್ಟಿನ ನಡುವೆಯೇ ವೆಲ್ಡ್ ಮಾಡುತ್ತಾರೆ. ಆಗ ಚೌಕಟ್ಟು ಭದ್ರವಾಗಿರುತ್ತದೆ, ಆದರೆ ಬಾಗಿಲು ತೂಗುಹಾಕಿ ನೋಡಲು ಬರುವುದಿಲ್ಲ. ಇಲ್ಲಿ ಆಧಾರವನ್ನು ಒಳಬದಿಗೆ ಸರಿಸಿ ಕೂರಿಸಿದ್ದರಿಂದ ಪ್ರತಿ ಹಂತದಲ್ಲೂ ಬಾಗಿಲು ಹಾಕಿ ಸಂದು ನೋಡುವುದು ಸಾಧ್ಯವಾಯಿತು. ಆಧಾರ ಬಿಗಿಯುವ ಮುನ್ನ ಜಗ್ಗಿದ್ದ ಚೌಕಟ್ಟನ್ನು ಮೂಲ ಸ್ಥಿತಿಗೆ ತರಬೇಕಷ್ಟೆ. ಎಡ ಬಾಗಿಲಿನ ಚೌಕಟ್ಟಿನಲ್ಲಿ ಮೂಲೆಯಿಂದ ಮೂಲೆಗೆ ಅಳತೆ ತೆಗೆದು, ಬಲಗಡೆ ಸಣ್ಣ ಜಾಕಿನಿಂದ ಮೆಲ್ಲಗೆ ಒತ್ತಿ ಅದೇ ಅಳತೆ ಬಂದ ಮೇಲೆ ಪೈಪುಗಳನ್ನು ಬಿಗಿದದ್ದು.

ಸ್ಪಾಟ್ ವೆಲ್ಡುಗಳನ್ನು ಅವುಗಳಿಗೆಂದೇ ಇರುವ ಕಟ್ಟರಿನಿಂದ ಮೇಲಿನ ತಗಡಿನಷ್ಟೇ ಆಳಕ್ಕೆ ಕೊರೆಯಲಾಯಿತು. ಅವಸರಕ್ಕೆ ಕಟಿಂಗ್ ಡಿಸ್ಕ್ ಹಾಯಿಸಿದರೆ ಪಿಲ್ಲರಿನ ಬುಡದ ಅಂಚು ಕೂಡ ಹೋಗುತ್ತದೆ, ಹೊಸ ಚಾನೆಲ್ಲಿಗೆ ಅಂಟಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಗಡಿ ಎಲ್ಲಿ ಎಂಬ ಪ್ರಶ್ನೆ ಎದುರಾದದ್ದು ಕ್ವಾರ್ಟರ್ ಪ್ಯಾನೆಲ್ಲಿನಲ್ಲಿ. ಬಣ್ಣ ತೆಗೆದ ಮೇಲೆ ತಗಡಿನಲ್ಲಿ ಮೂರು ವಲಯಗಳು ಕಂಡವು: ಕೆಳಗೆ ತೂತು, ಅದರ ಮೇಲೆ ಕಪ್ಪು ಕುಳಿಗಳ ಪಟ್ಟಿ, ಅದಕ್ಕೂ ಮೇಲೆ ಬೆಳ್ಳನೆಯ ತಗಡು. ನಡುವಿನ ಪಟ್ಟಿಯನ್ನು ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ, ಏಕೆಂದರೆ ಅಲ್ಲಿಗೆ ನಿಲ್ಲಿಸಿದರೆ ತೇಪೆ ಸಣ್ಣದಾಗುತ್ತದೆ. ಹಿಂಬದಿಯಿಂದ ಬಲ್ಬ್ ಹಿಡಿದು ನೋಡಿದಾಗ ಆ ಪಟ್ಟಿಯಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡವು. ಕೊನೆಯ ಚುಕ್ಕೆಗಿಂತ ಎರಡು ಬೆರಳು ಮೇಲೆ ಗೆರೆ ಎಳೆದು, ಅಲ್ಲಿ ವರ್ನಿಯರ್ ಅಳತೆ ತೆಗೆದರೆ 0.9 ಮಿ.ಮೀ. ಸಿಕ್ಕಿತು, ಸವೆಯದ ಮೇಲ್ಭಾಗದಲ್ಲೂ ಅಷ್ಟೇ ಇತ್ತು. ಗೆರೆ ಅಲ್ಲೇ ನಿಂತಿತು.

ತುಕ್ಕು ಮಾರ್ಪಡಿಸುವ ದ್ರಾವಣಗಳ ಬಗ್ಗೆ ಇಲ್ಲೊಂದು ಮಾತು. ಫಾಸ್ಫಾರಿಕ್ ಆಮ್ಲ ಮೇಲ್ಮೈಯ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿಸುತ್ತದೆ, ಟ್ಯಾನಿಕ್ ಆಮ್ಲ ಕಪ್ಪು ಟ್ಯಾನೇಟ್ ಪದರ ಕಟ್ಟುತ್ತದೆ. ಎರಡೂ ಉಜ್ಜಿ ತೆಳುವಾಗಿಸಿದ, ಕಣ್ಣಿಗೆ ಕಾಣುವ ತುಕ್ಕಿಗೆ ಒಳ್ಳೆಯವು. ದಪ್ಪ ಹಕ್ಕಳೆಯ ಅಡಿಗಾಗಲಿ ಜೋಡಣೆಯ ಸಂದಿಗಾಗಲಿ ಇಳಿಯುವುದಿಲ್ಲ. ಆಮ್ಲವನ್ನು ಸರಿಯಾಗಿ ತೊಳೆಯದೆ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ತಗಡಿಗೆ ಹೊಡೆಯುವ ರಕ್ಷಣೆಯ ಪದರ) ಹೊಡೆದರೆ ಅದು ಹಿಡಿಯುವುದೂ ಇಲ್ಲ. ಪಿಲ್ಲರಿನ ಒಳಮುಖದಲ್ಲಿದ್ದ ಚಿಲ್ಲರೆ ಕುಳಿಗಳಿಗೆ ಮಾತ್ರ ಫಾಸ್ಫಾರಿಕ್ ಬಳಸಿ, ತೊಳೆದು, ಹೀಟ್ ಗನ್ನಿನಿಂದ ಒಣಗಿಸಲಾಯಿತು. ಬ್ಯಾಟರಿ ಮೂಲೆಯ ಆಮ್ಲದ ಉಳಿಕೆಗೆ ಅಡುಗೆ ಸೋಡಾ ನೀರು ಸಾಕಾಯಿತು.

ಬೆಸುಗೆ

ಪ್ಯಾನಿನ ಮೂಲೆಗೆ ಹೊಸ ತಗಡು ಬೆಸೆದ ಮೇಲೆ ಚಾನೆಲ್ಲನ್ನು ಬೋಲ್ಟುಗಳಿಂದ ಸಡಿಲವಾಗಿ ಕೂರಿಸಲಾಯಿತು. ಪ್ಯಾನ್ ಮತ್ತು ಬಾಡಿಯ ನಡುವಿನ ರಬ್ಬರ್ ಗ್ಯಾಸ್ಕೆಟ್ಟಿನ ದಪ್ಪಕ್ಕೆ ಸಮನಾದ ಲೋಹದ ತುಂಡುಗಳನ್ನು ಸಂದಿಗೆ ಕೊಡದಿದ್ದರೆ ಚಾನೆಲ್ ಗ್ಯಾಸ್ಕೆಟ್ಟಿನಷ್ಟು ಕೆಳಗೆ ಬೆಸೆದುಹೋಗುತ್ತದೆ. ರಬ್ಬರನ್ನೇ ಇಟ್ಟು ವೆಲ್ಡ್ ಮಾಡಿದರೆ ಅದು ಸುಡುತ್ತದೆ. ಬಾಗಿಲನ್ನು ಗಾಜಿನ ಸಮೇತ ತೂಗುಹಾಕಿ, ಸುತ್ತಲಿನ ಹೊಸ ರಬ್ಬರನ್ನೂ ಹಾಕಿ, ಲಾಕ್ ಕೂಡಿಸಿ ನೋಡಿದೆವು. ಗಾಜಿಲ್ಲದ ಹಗುರ ಬಾಗಿಲು, ರಬ್ಬರಿಲ್ಲದ ಚೌಕಟ್ಟು ತೋರಿಸುವ ಸಂದು ಸುಳ್ಳು. ಎಲ್ಲ ಅಂಚಿನಲ್ಲೂ ಸಂದು ಒಪ್ಪುವಂತೆ ಬಂದ ಮೇಲೆ ನಾಲ್ಕಾರು ಟ್ಯಾಕ್ (ಚಿಕ್ಕ ಬೆಸುಗೆ ಚುಕ್ಕೆ) ಹಾಕಿ, ಮತ್ತೆ ಬಾಗಿಲು ಮುಚ್ಚಿ ನೋಡಿ, ಆಮೇಲೆ ಪೂರ್ತಿ ವೆಲ್ಡಿಂಗ್ ನಡೆಯಿತು. ಹೊಸ ಚಾನೆಲ್ಲಿನ ಅಂಚಿನಲ್ಲಿ 6 ಮಿ.ಮೀ. ತೂತುಗಳನ್ನು ಕೊರೆದು ಅವುಗಳ ಮೂಲಕ ಹಿಂದಿನ ತಗಡಿಗೆ ಬೆಸೆಯುವ ಪ್ಲಗ್ ವೆಲ್ಡ್ ಕಾರ್ಖಾನೆಯ ಸ್ಪಾಟ್ ವೆಲ್ಡಿಗೆ ಬದಲಿ. ಬಾಗಿಲ ಹಿಂದಿನ ಪಿಲ್ಲರಿನ ಬುಡ, ಅಂದರೆ ಸೀಟ್ ಬೆಲ್ಟಿನ ಎಳೆತ ಬೀಳುವ ಭಾಗವನ್ನು ಮಾಲೀಕರು ತಾವು ಮಾಡದೆ ಅನುಭವಿ ವೆಲ್ಡರ್ ಒಬ್ಬರನ್ನು ಕರೆಸಿ ಮಾಡಿಸಿದರು. ಅದು ಸರಿಯಾದ ನಿರ್ಧಾರ. ಪ್ಲಗ್ ವೆಲ್ಡ್ ಮೇಲೆ ಅಂದವಾಗಿ ಕಂಡೂ ಹಿಂದಿನ ತಗಡನ್ನು ಹಿಡಿಯದೇ ಇರಬಹುದು. ಉಳಿದ ಕಡೆಗೆ ಮೊದಲು ಎರಡು ಚೂರು ತಗಡುಗಳ ಮೇಲೆ ಬೆಸೆದು, ಉಳಿಯಿಂದ ಕಿತ್ತು ನೋಡಿ, ತಗಡೇ ಹರಿಯುವವರೆಗೆ ಯಂತ್ರದ ಕರೆಂಟನ್ನೂ ತಂತಿಯ ವೇಗವನ್ನೂ ಹೊಂದಿಸಿಕೊಳ್ಳಲಾಯಿತು.

ಕ್ವಾರ್ಟರ್ ಪ್ಯಾನೆಲ್ಲಿನದು ಹೊರಗೆ ಕಾಣುವ ಭಾಗವಾದ್ದರಿಂದ ಒಂದರ ಮೇಲೊಂದು ಹೊದಿಸದೆ ಅಂಚಿಗೆ ಅಂಚು ಕೂಡಿಸುವ ಬೆಸುಗೆಯನ್ನೇ ಆರಿಸಿದೆವು. ಹೊದಿಸಿದ ಜೋಡಣೆ ಸುಲಭ, ಆದರೆ ಹಿಂದೆ ಮತ್ತೆ ಒಂದು ಸಂದಿ ಹುಟ್ಟುತ್ತದೆ. ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದನ್ನು 1 ಮಿ.ಮೀ. ಕೋಲ್ಡ್ ರೋಲ್ಡ್ ತಗಡಿಗೆ ಇಳಿಸಿ, ಪೈಪಿನ ಮೇಲೆ ಬಾಗಿಸಿ ಹೊಂದಿಸಲಾಯಿತು. ತೇಪೆಯ ಮೂಲೆಗಳನ್ನು ದುಂಡಗೆ ಬಿಟ್ಟದ್ದು ಅಂದಕ್ಕಲ್ಲ. ಚೂಪು ಮೂಲೆಯಲ್ಲಿ ಎರಡು ಬೆಸುಗೆ ಗೆರೆಗಳು ಕೂಡಿ ಬಿಸಿ ಅಲ್ಲೇ ನಿಲ್ಲುತ್ತದೆ. ಬಳಸಿದ್ದು 0.6 ಮಿ.ಮೀ. ತಂತಿ ಮತ್ತು ಆರ್ಗಾನ್, ಇಂಗಾಲದ ಡೈಆಕ್ಸೈಡ್ ಮಿಶ್ರಣ. ಗ್ಯಾಸ್ ಇಲ್ಲದೆ ಬಳಸುವ ಫ್ಲಕ್ಸ್ ತಂತಿ ದಪ್ಪ ಕಬ್ಬಿಣಕ್ಕೆ ಸರಿ, ಇಷ್ಟು ತೆಳು ತಗಡನ್ನು ಅದು ಸುಲಭವಾಗಿ ತೂತು ಮಾಡುತ್ತದೆ.

ಈ ಹಂತದಲ್ಲಿ ಕೆಲಸ ನಿಜಕ್ಕೂ ನಿಧಾನ. ಒಂದು ಟ್ಯಾಕ್, ಅದರಿಂದ ದೂರ ಇನ್ನೊಂದು, ಮತ್ತೆ ಮೊದಲಿನ ಬದಿಗೆ. ತಗಡಿನ ಮೇಲೆ ಅಂಗೈ ಇಡಲು ಬರುವಷ್ಟು ಆರಿದ ಮೇಲೆ ಮುಂದಿನದು. ಬೆಸುಗೆ ಆರುವಾಗ ಕುಗ್ಗಿ ಸುತ್ತಲಿನ ತಗಡನ್ನು ತನ್ನತ್ತ ಎಳೆಯುತ್ತದೆ, ಗೆರೆ ಒಳಗೆ ಕುಸಿಯುತ್ತದೆ. ಹಿಂದೆ ಡಾಲಿ ಹಿಡಿದು ಬೆಸುಗೆಯ ಮೇಲೆಯೇ ಸುತ್ತಿಗೆಯಿಂದ ಸಣ್ಣ ಏಟು ಕೊಡುತ್ತ ಹೋದರೆ ಕುಗ್ಗಿದ ಲೋಹ ಮತ್ತೆ ಹಿಗ್ಗಿ ಗೆರೆ ಮೇಲೇಳುತ್ತದೆ. ಮಾಲೀಕರ ಕಿವಿ ಇದನ್ನು ಬೇಗ ಕಲಿಯಿತು: ಡಾಲಿಯ ಮೇಲೆ ಬಿದ್ದ ಏಟಿನ ಸದ್ದು ಗಟ್ಟಿ, ತಪ್ಪಿಬಿದ್ದುದರದು ಟೊಳ್ಳು. ತೂಕದ ಡಾಲಿಯನ್ನು ಒಳಗೆ ಹಿಡಿಯಲು ಕೈ ಹೋಗುವಷ್ಟು ಜಾಗ ಚಾನೆಲ್ಲಿನ ಕಡೆಯಿಂದ ಮಾತ್ರ ಇದ್ದುದರಿಂದ ಈ ತೇಪೆಯ ಒಂದು ತುದಿಯನ್ನು ಕೊನೆಯವರೆಗೂ ಮುಚ್ಚದೆ ಬಿಟ್ಟಿದ್ದೆವು. ಬೆಸುಗೆ ಸವರಲು ಫ್ಲಾಪ್ ಡಿಸ್ಕನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಗ್ರೈಂಡರಿನ ಬಿಸಿಯೇ ಮತ್ತೆ ತಗಡನ್ನು ಸೊಟ್ಟಗಾಗಿಸುತ್ತದೆ.

ಬಾಗಿಲು ಇದರ ಮುಂದೆ ಹಗುರವಾದ ಕೆಲಸ. ಹೊರ ತಗಡು ಒಳಚೌಕಟ್ಟಿನ ಅಂಚನ್ನು ಮಡಿಚಿ ಹಿಡಿಯುವ ಕೆಳಮಡಿಕೆಯಲ್ಲಿ ಮಾತ್ರ ಕೊಳೆತಿತ್ತು. ಕೆಳಗಿನ ಪಟ್ಟಿಯಷ್ಟನ್ನೇ ಬದಲಿಸಿ, ಬೆಸುಗೆಯ ಗೆರೆಯನ್ನು ಚಪ್ಪಟೆ ನಡುಭಾಗಕ್ಕೆ ತರದೆ ಬಾಗು ಇರುವ ಕಡೆ ಇರಿಸಲಾಯಿತು. ಬಾಗು ತಗಡಿಗೆ ಬಿಗುವು ಕೊಡುತ್ತದೆ, ಅಲ್ಲಿ ಅಲೆ ಏಳುವುದು ಕಡಿಮೆ. ನೀರಿನ ಕಿಂಡಿಗಳನ್ನು ಮೂಲ ಜಾಗದಲ್ಲೇ ಮತ್ತೆ ತೆರೆಯಲಾಯಿತು. ಹೊಸ ಪಟ್ಟಿಯಲ್ಲಿ ಇದು ಮರೆತೇಹೋಗುವ ಸಂಭವ ಹೆಚ್ಚು.

ಮುಚ್ಚುವಿಕೆ

ಬೆಳ್ಳಗಾದ ತಗಡಿಗೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು, ಇಲ್ಲದಿದ್ದರೆ ಗಾಳಿಯ ತೇವಕ್ಕೆ ಕೆಂಪು ಮಬ್ಬು ಹಿಡಿಯುತ್ತದೆ. ಪುಟ್ಟಿ ಇಲ್ಲಿ ಬಂತು, ಎಪಾಕ್ಸಿಯ ಮೇಲೆ, ತೆಳ್ಳಗೆ. ಜೋಡಣೆಗಳಿಗೆ ಸಂದಿ ಮುಚ್ಚುವ ಸೀಮ್ ಸೀಲರ್ ಹಚ್ಚಿದ್ದು ಪ್ರೈಮರಿನ ನಂತರ. ಕೊನೆಯ ಬಣ್ಣವನ್ನು ಮಾಲೀಕರು ಪೇಂಟರ್ ಒಬ್ಬರಿಗೆ ಒಪ್ಪಿಸಿದರು. ಎರಡು ಭಾಗ ಬೆರೆಸುವ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಸಿಂಪಡಿಸಲು ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವೇ ಬೇಕು.

ಒಳಕೋಶಗಳ ರಕ್ಷಣೆಯಲ್ಲಿ ಬೀಟಲ್‌ಗೆ ಒಂದು ತೊಡಕು ಇದೆ. ಬೇರೆ ಕಾರುಗಳ ಸಿಲ್ಲಿನೊಳಗೆ (ಬಾಗಿಲ ಕೆಳಗಿನ ಪೆಟ್ಟಿಗೆಯೊಳಗೆ) ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸನ್ನು ಧಾರಾಳವಾಗಿ ತುಂಬಬಹುದು. ಇಲ್ಲಿ ಅದೇ ಕೋಶದಲ್ಲಿ ಬಿಸಿಗಾಳಿ ಹರಿಯುವುದರಿಂದ ವ್ಯಾಕ್ಸ್ ಮೆದುವಾಗಿ, ಅದರ ವಾಸನೆ ಕಾರಿನೊಳಗೆ ಬರುತ್ತದೆ, ಗಾಜಿನ ಮೇಲೆ ಮಬ್ಬು ಕೂರುತ್ತದೆ. ಆದ್ದರಿಂದ ಹೊಸ ಚಾನೆಲ್ಲಿನ ಒಳಮುಖಕ್ಕೆ ಕೂರಿಸುವ ಮೊದಲೇ ಎಪಾಕ್ಸಿ ಹೊಡೆದು, ವೆಲ್ಡಿಂಗಿನಲ್ಲಿ ಸುಟ್ಟ ಜಾಗಗಳಿಗೆ ಉದ್ದ ನಳಿಕೆಯಿಂದ ಮತ್ತೊಮ್ಮೆ ಎಪಾಕ್ಸಿಯನ್ನೇ ತಲುಪಿಸಲಾಯಿತು. ವ್ಯಾಕ್ಸ್ ಬಿದ್ದದ್ದು ಬಾಗಿಲಿನೊಳಗೆ, ಕ್ವಾರ್ಟರ್ ಪ್ಯಾನೆಲ್ಲಿನ ಹಿಂದೆ ಮತ್ತು ಹೊರಗಿನ ಜೋಡಣೆಗಳಿಗೆ. ಪಕ್ಕದ ಗಾಜಿಗೆ ಹೊಸ ರಬ್ಬರ್ ಹಾಕಿ ಮತ್ತೆ ನೀರು ಬಿಟ್ಟು ನೋಡಿದಾಗ ಒಳಗೋಡೆ ಒಣಗಿತ್ತು. ಬ್ಯಾಟರಿಯ ಅಡಿಗೆ ಪ್ಲಾಸ್ಟಿಕ್ ತಟ್ಟೆ ಬಂತು. ಪ್ಲಾಸ್ಟಿಕ್ ಹೊದಿಕೆಯನ್ನು ಬಿಟ್ಟು ಗಾಳಿಯಾಡುವ ಬಟ್ಟೆಯ ಹೊದಿಕೆ ಬಳಸಲು ಹೇಳಿದೆ.

ಆಧಾರದ ಪೈಪುಗಳನ್ನು ಬಿಚ್ಚಿದ ಮೇಲೆ ಜಾಕಿನ ಪರೀಕ್ಷೆಯನ್ನು ಮತ್ತೆ ಮಾಡಲಾಯಿತು. ಬಲ ಬಾಗಿಲಿನ ಮೇಲಿನ ಸಂದಿನಲ್ಲಿ ಕಾರು ಇಳಿದಾಗಲೂ ಎತ್ತಿದಾಗಲೂ 4 ಮಿ.ಮೀ. ಬಿಟ್ ಒಂದೇ ಸಲೀಸಿನಲ್ಲಿ ಹಾಯಿತು. ಎಡಬದಿಯ ಚಾನೆಲ್ಲನ್ನು ಬದಲಿಸಿಲ್ಲ. ಅದರ ಅಡಿಯಲ್ಲಿ ಕುಳಿಗಳಿವೆ, ತೂತಿಲ್ಲ. ಬೋಲ್ಟುಗಳು ಬಿಗಿಯಾಗಿವೆ, ಜಾಕ್ ಕೊಟ್ಟಾಗ ಸಂದು ಬದಲಾಗುವುದಿಲ್ಲ. ಎಡ ಗಾಜಿನ ರಬ್ಬರನ್ನೂ ಬದಲಿಸಿ, ಒಳಗೆ ಎಪಾಕ್ಸಿ ತಲುಪಿಸಿ, ಸಂದಿನ ಅಳತೆಗಳನ್ನು ಬಾಗಿಲ ಒಳಬದಿಯಲ್ಲಿ ಬಣ್ಣದ ಪೆನ್ನಿನಿಂದ ಬರೆದಿಡಲಾಗಿದೆ. ಎತ್ತಿದಾಗ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡ ದಿನ ಆ ಬದಿಯನ್ನೂ ತೆರೆಯುವುದೆಂದು ಮಾಲೀಕರೊಡನೆ ಮಾತಾಗಿದೆ.